ಪಟ್ಟಿಯಲ್ಲಿ ಹಾಲು ಇರಲಿಲ್ಲ

ವಲಾಂಡಿ ಹತ್ತಿರದ ಹಾಲು ತಂಪು ಮಾಡುವ ಕೇಂದ್ರದಲ್ಲಿ ನನ್ನದು ಎರಡು ಕೆಲಸ: ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು, ಯಂತ್ರ ನೋಡಿಕೊಳ್ಳುವುದು. ಬೀದರ್‌ನಿಂದ ಬಂದ ಎಂಜಿನಿಯರ್ ಎಂಬ ಸೊಕ್ಕೂ ಸ್ವಲ್ಪ ಇತ್ತು.

ವೈಶಾಖದ ಒಂದು ಬೆಳಿಗ್ಗೆ ಎರಡು ಕಂಪ್ರೆಸರ್‌ಗಳಲ್ಲಿ ಒಂದು ಕೆಟ್ಟು ನಿಂತಿತು. ಉದಗೀರದಿಂದ ಟ್ಯಾಂಕರ್ ಬರುವುದು ಮಧ್ಯಾಹ್ನ ಎರಡಕ್ಕೆ. ಉಳಿದ ಒಂದೇ ಯಂತ್ರ ಹಾಲು ಕೆಡದಂತೆ ತಂಪು ಮಾಡೀತೆ? ಆಗದಿದ್ದರೆ ಜನರನ್ನು ಬಾಗಿಲಲ್ಲೇ ಮರಳಿಸಬೇಕು. ಲ್ಯಾಪ್‌ಟಾಪ್ ತೆರೆದೆ. ದ್ರವ, ಅನಿಲಗಳ ಗುಣ ಲೆಕ್ಕ ಹಾಕುವ ತಂತ್ರಾಂಶ ಅದರಲ್ಲಿತ್ತು. ಯಾವುದು ಎಷ್ಟು ಶಾಖ ಹಿಡಿಯುತ್ತದೆ, ಎಷ್ಟು ಸರಾಗ ಹರಿಯುತ್ತದೆ, ಎಲ್ಲ ಹೇಳುತ್ತದೆ. ಪಟ್ಟಿಯಲ್ಲಿ ಅಮೋನಿಯಾ ಇತ್ತು, ಹೆಸರೇ ಕೇಳದ ನೂರೆಂಟು ಅನಿಲಗಳಿದ್ದವು. ಹಾಲು ಮಾತ್ರ ಇರಲಿಲ್ಲ. ಹಾಲೆಂದರೆ ಬಹುಪಾಲು ನೀರೇ ತಾನೆ ಎಂದು ನೀರನ್ನು ಒತ್ತಿದೆ. ಬಂದ ಗುಣಗಳಿಂದ ಲೆಕ್ಕ ಹಾಕಿದರೆ ಹಾಲು ತಣ್ಣಗಾಗಲು ಎರಡೂವರೆ ತಾಸು ಸಾಕಾಗಿತ್ತು. ಒಂದು ಯಂತ್ರ ಕೆಟ್ಟರೂ ಹಾಲು ತೆಗೆದುಕೊಳ್ಳುತ್ತೇವೆ ಎಂದು ಹೊರಗೆ ನಿಂತವರಿಗೆ ಹೇಳಿದೆ.

ಸಾಲಿನಲ್ಲಿ ಮೊದಲು ನಿಂತಿದ್ದ, ದೇವಣಿ ತಳಿಯ ಆಕಳು ಸಾಕಿದ ಮುದುಕಿ ಕ್ಯಾನಿನ ಮುಚ್ಚಳ ತೆಗೆಯಲಿಲ್ಲ.

“ಹಾಲು ಖರೇ ಕೆಡಲಾರ್ದ ನಿಲ್ತದೇನ್ರೀ ಸಾಹೇಬ್ರ? ನಾಳಿಗಿ ಮೊಮ್ಮಗಳಿಗಿ ಹೆಸರಿಡೋದದ. ನಿಲ್ಲಲ್ಲಂದ್ರ ಮನಿಗಿ ಒಯ್ದು ಖವಾ ಕಾಸ್ತೀನಿ.”

“ನಿಲ್ತದ ಮಾವಶಿ. ಕಂಪ್ಯೂಟರ್ ಲೆಕ್ಕ ಅದ, ಸುರೀರಿ,” ಎಂದೆ. ಸುರಿದಳು. ಆಕೆಯ ಹಿಂದೆ ಎಲ್ಲರೂ ಸುರಿದರು.

ಎರಡೂವರೆ ತಾಸು ಕಳೆದರೂ ಟ್ಯಾಂಕಿನ ತಾಪಮಾಪಕದ ಮುಳ್ಳು ಇಪ್ಪತ್ತೆರಡು ಡಿಗ್ರಿಯಲ್ಲೇ ಇತ್ತು, ನಾಲ್ಕಕ್ಕೆ ಇಳಿಯಬೇಕಿತ್ತು. ಹಾಲು ತಣ್ಣಗಾದಷ್ಟೂ ಮಂದವಾಗುತ್ತದೆ, ಕೊಳವೆಯಲ್ಲಿ ಎಳೆದಾಡುತ್ತದೆ, ಶಾಖ ಬಿಡಲು ಸತಾಯಿಸುತ್ತದೆ. ನೀರಿಗೆ ಅಷ್ಟು ಹಟವಿಲ್ಲ. ಓದಿದ್ದೆ, ಮರೆತಿದ್ದೆ. ಹಾಲಿಗೆ ನೀರು ಬೆರೆಸಿದವರನ್ನು ಮುಖಕ್ಕೆ ಬೈಯುತ್ತಿದ್ದ ನಾನೇ ಊರ ಹಾಲನ್ನೆಲ್ಲ ನೀರೆಂದು ಬರೆದಿದ್ದೆ. ನಿಲಂಗಾದಿಂದ ತರಿಸಿದ ಮಂಜುಗಡ್ಡೆ ಬಿಸಿಲಿಗೆ ದಾರಿಯಲ್ಲೇ ಅರ್ಧ ಕರಗಿತ್ತು.

ಟ್ಯಾಂಕರಿನವನು ಗಾಜಿನ ನಳಿಕೆಯಲ್ಲಿ ಸ್ವಲ್ಪ ಹಾಲು ಕಾಯಿಸಿ ನೋಡಿದ. ಒಡೆಯಿತು. ಗಾಡಿ ತಿರುಗಿಸಿಕೊಂಡು ಹೋದ.

ಕೆಟ್ಟ ಹಾಲನ್ನು ಯಾರೂ ಮತ್ತೆ ಮಾರದಂತೆ ನೀಲಿ ಬಣ್ಣ ಹಾಕಿ ಚೆಲ್ಲಬೇಕು, ಅದು ನಮ್ಮಲ್ಲಿಯ ನಿಯಮ. ನಾನು ಬಣ್ಣದ ಡಬ್ಬಿ ಹಿಡಿದು ಟ್ಯಾಂಕಿನ ಮೇಲೇರಿದಾಗ ಮುದುಕಿ ಖಾಲಿ ಕ್ಯಾನಿನೊಂದಿಗೆ ಬಂದಳು.

“ಬಣ್ಣ ಹಾಕಬ್ಯಾಡ್ರಿ. ನಂದಷ್ಟು ನನಗ ಕೊಡ್ರಿ. ಒಡದ್ರೂ ಅಡ್ಡಿಲ್ಲ, ಕಲಾಕಂದ ಮಾಡ್ತೀನಿ.”

ಎಲ್ಲರ ಹಾಲೂ ಒಂದಾಗಿ ಹೋಗಿತ್ತು. ಕೊಟ್ಟು, ನಾಳೆ ಯಾವುದಾದರೂ ಮಗುವಿನ ಹೊಟ್ಟೆ ಕೆಟ್ಟರೆ? ಬಣ್ಣ ಸುರಿದೆ.

“ನಾ ನಿಮಗ ಕೇಳೇ ಹಾಲು ಸುರಿದಿದ್ದೆ,” ಎಂದಳು.

“ಹೌದು ಮಾವಶಿ, ಕೇಳಿದ್ರಿ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೀಲಿ ಹಾಲು ಮೋರಿಗೆ ಹರಿದು ಮುಗಿಯುವವರೆಗೂ ಆಕೆ ಅಲ್ಲೇ ನಿಂತಿದ್ದಳು.