ಅಪ್ಪ ಕೊಟ್ಟ ನಂಬರು

ಅಪ್ಪ ವಾಡಿಯ ಹತ್ತಿರ ಒಂದು ರೈಲ್ವೆ ಗೇಟಿನಲ್ಲಿ ಮೂವತ್ತೆರಡು ವರ್ಷ ಗೇಟ್‌ಮನ್ ಆಗಿದ್ದ. ಸಿಮೆಂಟಿನ ಧೂಳು, ಗೂಡ್ಸ್ ಗಾಡಿಗಳ ಸದ್ದು, ಗೇಟು ತೆಗೆ ಎಂದು ಬೈಯುವ ಟ್ರ್ಯಾಕ್ಟರಿನವರು, ಇವುಗಳ ನಡುವೆಯೇ ಅವನ ಆಯುಷ್ಯ ಕಳೆಯಿತು. ಗಾಡಿ ಬಿಡುವ ಮುಂಚೆ ಸ್ಟೇಷನ್ನಿನಿಂದ ಫೋನು ಬರುತ್ತಿತ್ತು. ಅಪ್ಪ ಗೇಟು ಹಾಕಿ, ಬೀಗ ಜಗ್ಗಿ ನೋಡಿ, ತನ್ನ ಬಳಿಯ ಹಾಳೆಯಿಂದ ಒಂದು ಗುಟ್ಟಿನ ನಂಬರು ಹೇಳುತ್ತಿದ್ದ. ಪ್ರೈವೇಟ್ ನಂಬರ್ ಎನ್ನುತ್ತಿದ್ದರು ಅದಕ್ಕೆ. ಆ ಕಡೆಯವರು ಅದನ್ನು ತಿರುಗಿ ಹೇಳಬೇಕು, ಇಬ್ಬರೂ ರಿಜಿಸ್ಟರಿನಲ್ಲಿ ಹೊತ್ತಿನ ಸಮೇತ ಬರೆದುಕೊಳ್ಳಬೇಕು. ನಂಬರು ಕೊಟ್ಟನೆಂದರೆ ಗೇಟು ಬಿದ್ದಿದೆ ಎಂದು ಮಾತು ಕೊಟ್ಟಂತೆ. ಫೋನಿನಲ್ಲಿ ನಂಬರು ಕೇಳಿದವರನ್ನು ನೀವು ಯಾರು ಎಂದು ಅಪ್ಪ ಒಮ್ಮೆಯೂ ಕೇಳಿದವನಲ್ಲ. ಹಾಗೆ ಕೇಳುತ್ತ ಕೂತಿದ್ದರೆ ಗಾಡಿ ನಿಲ್ಲುತ್ತಿತ್ತು, ಮರುದಿನ ಮೆಮೊ ಬರುತ್ತಿತ್ತು.

ನಿವೃತ್ತನಾದ ಮೇಲೂ ಆ ಚಟ ಬಿಡಲಿಲ್ಲ. ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹಾಕಿ, ತನಗೆ ಬಂದ ಫೋನುಗಳನ್ನೆಲ್ಲ ಬರೆದಿಡುತ್ತಿದ್ದ. "ಮಗಳು. ಸಂಜಿ ಆರು ಹತ್ತು. ಹಬ್ಬಕ್ಕ ಬರ್ತಾಳ" ಎಂದು ನನ್ನದನ್ನೂ ಬರೆಯುತ್ತಿದ್ದ.

"ಇವ್ರು ಪಿನ್ಷನ್ ಆಗ್ಯಾರ, ಗೇಟ್ ಇನ್ನಾ ಬಿಟ್ಟಿಲ್ಲ" ಎಂದು ಅವ್ವ ನಗುತ್ತಿದ್ದಳು.

ಅವ್ವನಿಗೆ ಇದ್ದದ್ದು ಒಂದೇ ಆಸೆ. ಮದುವೆಯಾದಾಗಿನಿಂದ ರೈಲ್ವೆ ಕ್ವಾರ್ಟರ್ಸಿನಲ್ಲೇ ಬಾಳಿದವಳು, ಕಣ್ಣು ಮುಚ್ಚುವುದಾದರೂ ಸ್ವಂತ ಮನೆಯಲ್ಲಿ ಆಗಲಿ ಎನ್ನುತ್ತಿದ್ದಳು. ಅಪ್ಪ ಭಂಕೂರಿನಲ್ಲಿ ಜಾಗ ತೆಗೆದುಕೊಂಡು, ಅಲ್ಲಿಯದೇ ಕಲ್ಲಿನಲ್ಲಿ ಗೋಡೆ ಎಬ್ಬಿಸಿದ. ಸ್ಲ್ಯಾಬ್ ಹಾಕಿಸುವ ದುಡ್ಡು ಬ್ಯಾಂಕಿನಲ್ಲಿತ್ತು. ಅಲ್ಲಿಯವರೆಗೆ ಇರಲಿ ಎಂದು ಪಕ್ಕದಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದರು.

ನಾನು ಚಿತ್ತಾಪುರದಲ್ಲಿ ಹೈಸ್ಕೂಲ್ ಟೀಚರ್. ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳಿಗೆ, ಒಟಿಪಿ ಯಾರಿಗೂ ಹೇಳಬಾರದು, ಫೋನಿನಲ್ಲಿ ಅವಸರ ಮಾಡುವವನು ಕಳ್ಳ, ಅನುಮಾನ ಬಂದರೆ ಫೋನು ಇಟ್ಟು ಬ್ಯಾಂಕಿಗೇ ಹೋಗಿ ಕೇಳಬೇಕು ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಇದನ್ನು ಮನೆಯಲ್ಲಿ ತಂದೆತಾಯಿಗೂ ಹೇಳಿರಿ ಎನ್ನುತ್ತಿದ್ದೆ. ನಾನು ಮಾತ್ರ ಹೇಳಿರಲಿಲ್ಲ. ಅಪ್ಪ ಭಾಳ ಹುಷಾರ್ ಮನುಷ್ಯ, ಅವನಿಗೇನು ಹೇಳುವುದು ಎಂದುಕೊಂಡಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆ ಫೋನು ಬಂದದ್ದು ನವೆಂಬರಿನ ಒಂದು ಬೆಳಿಗ್ಗೆ. ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಬರೆದುಕೊಡುವ ತಿಂಗಳು. ಮಾತಾಡಿದವನು ಪಿಂಚಣಿ ಆಫೀಸಿನವನು ಎಂದು ಹಿಂದಿಯಲ್ಲಿ ಹೇಳಿಕೊಂಡ. ಅಪ್ಪ ಕೆಲಸಕ್ಕೆ ಸೇರಿದ ದಿನ, ನಿವೃತ್ತನಾದ ದಿನ, ಅವ್ವನ ಹೆಸರು ಎಲ್ಲವನ್ನೂ ತಾನೇ ಓದಿ ಹೇಳಿದ. ಅವು ಅವನಿಗೆ ಎಲ್ಲಿ ಸಿಕ್ಕವೋ ನಮಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಪತ್ರ ಮುಟ್ಟಿಲ್ಲ, ಇವತ್ತೇ ಪಿಂಚಣಿ ನಿಲ್ಲುತ್ತದೆ, ಲೈನ್ ಕಟ್ ಮಾಡಬೇಡಿ, ಈಗ ಒಂದು ನಂಬರು ಬರುತ್ತದೆ, ಅದನ್ನು ಹೇಳಿ ಎಂದ. ಅಪ್ಪ ಎದ್ದು ನಿಂತು ಆರು ಅಂಕಿಗಳನ್ನು ಒಂದೊಂದಾಗಿ ಹೇಳಿದ. ಆ ಕಡೆಯವನು ತಿರುಗಿ ಹೇಳಿದ. ಸರಿಯಾಗಿದೆ ಎಂದು ಅಪ್ಪ ಒಪ್ಪಿದ. ಆಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದ: ಹನ್ನೊಂದು ಇಪ್ಪತ್ತು, ಪಿನ್ಷನ್ ಆಫೀಸ್, ನಂಬರು ಕೊಟ್ಟೆ. ಕೆಳಗೆ ಸಹಿ ಹಾಕಿದ.

ಮಧ್ಯಾಹ್ನ ಮೇಸ್ತ್ರಿಗೆ ಮುಂಗಡ ಕೊಡಲೆಂದು ಶಹಾಬಾದಿನ ಬ್ಯಾಂಕಿಗೆ ಹೋದಾಗ ಸ್ಲ್ಯಾಬಿನ ದುಡ್ಡು ಇರಲಿಲ್ಲ.

ನಾನು ಶಾಲೆ ಬಿಟ್ಟು ಓಡಿ ಬಂದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದ.

"ಯಾರಂತ ಕೇಳ್ಬಾರ್ದೇನು ಯಪ್ಪಾ? ತಲಿ ಅದನೋ ಇಲ್ಲೋ ನಿನಗ?" ಎಂದೆ, ಅವ್ವನ ಎದುರಿಗೇ.

"ನಂಬರ್ ಕೇಳ್ದ, ಕೊಟ್ಟೀನಿ" ಎಂದಷ್ಟೇ ಹೇಳಿದ.

ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಆದರೆ ನಾನು ಅಷ್ಟಕ್ಕೇ ನಿಲ್ಲಲಿಲ್ಲ.

ಪೊಲೀಸರಿಗೆ ದೂರು ಕೊಟ್ಟೆವು. ದುಡ್ಡು ಆಗಲೇ ಹತ್ತಾರು ಖಾತೆಗೆ ಹಂಚಿಹೋಗಿದೆ ಎಂದರು. ಉಳಿದದ್ದು ದುಡ್ಡು ತಿರುಗಿ ಕೊಡಿ ಎಂದು ಬ್ಯಾಂಕಿಗೆ ಹಾಕುವ ಅರ್ಜಿಯೊಂದೇ. ಅದನ್ನು ತುಂಬುವುದು ಹೇಗೆಂದು ಕೇಳಿದಾಗ ಅಲ್ಲಿಯ ಗುಮಾಸ್ತರು ಇದ್ದದ್ದನ್ನು ಹೇಳಿದರು: "ಒಟಿಪಿ ಯಾರಿಗೂ ಹೇಳಿಲ್ಲಂದ್ರ ಅರ್ಜಿ ಮ್ಯಾಲ ಹೋಗ್ತದ್ರಿ ಟೀಚರ್. ಅವ್ರೇ ಹೇಳ್ಯಾರಂದ್ರ ನಮ್ಮ ಕೈಯಾಗ ಏನೂ ಇಲ್ಲ."

ಮರುದಿನ ಬ್ಯಾಂಕಿಗೆ ಹೊರಡುವಾಗ ಅಪ್ಪ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟ. ಪುರಾವೆ ಇರಲಿ ಎಂದ. ಅವನು ಸ್ನಾನಕ್ಕೆ ಹೋದಾಗ ನಾನು ಆ ಫೋನಿನ ವಿವರ ಬರೆದಿದ್ದ ಹಾಳೆಯನ್ನು ಹರಿದು, ಚೂರು ಮಾಡಿ, ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವ್ವ ನೋಡಿದಳು. ನೋಡಿ ಮುಖ ತಿರುಗಿಸಿಕೊಂಡಳು, ಬೇಡ ಎನ್ನಲಿಲ್ಲ.

ಅರ್ಜಿಯಲ್ಲಿ "ಹೇಳಿಲ್ಲ" ಎಂದು ನಾನೇ ಬರೆದೆ. ಮ್ಯಾನೇಜರು ನನ್ನ ಹಳೆಯ ಶಿಷ್ಯೆಯರಷ್ಟು ವಯಸ್ಸಿನ ಹುಡುಗಿ. ಅರ್ಜಿ ಓದಿ, ಅಪ್ಪನ ಕಡೆ ತಿರುಗಿ, "ನಂಬರ್ ಯಾರಿಗಾದ್ರೂ ಹೇಳಿದ್ರೇನ್ರಿ ಅಜ್ಜಾರ?" ಎಂದು ಮೆತ್ತಗೆ ಕೇಳಿದಳು.

"ಇಲ್ರಿ, ಯಾರಿಗೂ ಹೇಳಿಲ್ಲ" ಎಂದು ಅವನ ಬದಲು ನಾನು ಹೇಳಿದೆ.

ಅಪ್ಪ ನೋಟ್‌ಬುಕ್ಕು ತೆಗೆದು ಪುಟ ತಿರುವಿದ. ಮುಂದೆ ತಿರುವಿದ, ಹಿಂದೆ ತಿರುವಿದ. ಹೊಲಿಗೆಯ ಹತ್ತಿರ ಉಳಿದ ಹರಿದ ಅಂಚಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಕೊಟ್ಟೀನ್ರಿ ಬಾಯಾರ" ಎಂದ. "ಹನ್ನೊಂದು ಇಪ್ಪತ್ತಕ್ಕ. ನಾನೇ ಕೊಟ್ಟೀನಿ."

ಟಂಟಂ ಆಟೋದಲ್ಲಿ ಭಂಕೂರಿಗೆ ವಾಪಸು ಬರುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಬಾಯಿ ಮುಚ್ಕೊಂಡು ಕುಂತಿದ್ರ ಅವ್ವನ ಮನಿ ಉಳೀತಿತ್ತು" ಎಂದೆ. ಎದುರು ಕೂತ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು.

ಇಳಿಯುವ ಜಾಗ ಹತ್ತಿರ ಬಂದಾಗ ಅಪ್ಪ ಹೇಳಿದ: "ಆ ಫೋನಿನವನ ಮಾರಿ ನಾ ನೋಡಿದ್ದಿಲ್ಲ ಯವ್ವಾ. ನೀ ನನ್ನ ಬಾಜೂಕ ಕುಂತಿದ್ದಿ."

ಅರ್ಜಿ ಮೇಲೆ ಹೋಗಲಿಲ್ಲ, ಸ್ಲ್ಯಾಬ್ ಹಾಕಿಸಲಾಗಲಿಲ್ಲ. ಗೋಡೆಗಳ ನಡುವೆ ಜಾಲಿ ಬೆಳೆಯಿತು. ಮುಂದಿನ ಆಷಾಢದಲ್ಲಿ ಅವ್ವ ಬಾಡಿಗೆಯ ಖೋಲಿಯಲ್ಲೇ ತೀರಿಕೊಂಡಳು. ಹೆಣ ಹೊರಗಿಡಲು ಜಾಗ ಸಾಲದೆ ಮನೆಯ ಮಾಲಕರನ್ನು ಕೇಳಿ ಅವರ ಅಂಗಳದಲ್ಲಿ ಕೂರಿಸಿದೆವು.

ಈಗ ನಾನು ಪ್ರತಿ ಭಾನುವಾರ ಅಪ್ಪನ ಬಳಿ ಹೋಗುತ್ತೇನೆ. ರೊಟ್ಟಿ ಬಡಿದುಕೊಟ್ಟರೆ ಉಣ್ಣುತ್ತಾನೆ, ಶಾಲೆಯ ಸುದ್ದಿ ಕೇಳುತ್ತಾನೆ. ಫೋನಿಗೆ ಇಂಗ್ಲಿಷಿನಲ್ಲಿ ಏನಾದರೂ ಮೆಸೇಜು ಬಂದರೆ ಮಾತ್ರ ಎದ್ದು, ಚಪ್ಪಲಿ ಮೆಟ್ಟಿ, ಎದುರಿನ ಕಿರಾಣಿ ಅಂಗಡಿಗೆ ಹೋಗಿ ಓದಿಸಿಕೊಂಡು ಬರುತ್ತಾನೆ. ಅಂಗಡಿಯವನು ಗಿರಾಕಿಗಳ ನಡುವೆ ನಿಂತು ಬ್ಯಾಂಕಿನ ನಂಬರನ್ನೂ ಒಟಿಪಿಯನ್ನೂ ಇಡೀ ಓಣಿಗೆ ಕೇಳುವಂತೆ ಓದುತ್ತಾನೆ. ಒಳಗೆ ಕೂತ ನನಗೂ ಕೇಳಿಸುತ್ತದೆ. ಹಾಗೆ ಓದಿಸಬೇಡ ಯಪ್ಪಾ, ನನ್ನ ಕೈಗೆ ಕೊಡು ಎಂದು ಹೇಳಲು ನನಗೆ ಬಾಯಿಲ್ಲ.