ನಿಂಬರ್ಗಾ ಮನೆಯ ಹಿತ್ತಲ ಬಾಗಿಲು

ರಿಪೇರಿಯವನನ್ನು ತಾವೇ ಕರೆಸಿ, ಚಹಾ ಕುಡಿಸಿ, ಕಂಪ್ಯೂಟರಿನ ಒಂದು ಸ್ಕ್ರೂ ಕೂಡ ಬಿಚ್ಚಗೊಡದೆ ವಾಪಸ್ ಕಳಿಸುವ ಗಿರಾಕಿಗಳು ನನಗೆ ಹೊಸಬರಲ್ಲ. ಆದರೆ ಎರಡು ಸಲ ಹೀಗೆ ಮಾಡಿ, ಮೂರನೆಯ ಸಲವೂ ಕರೆಸಿದವರು ಆಳಂದದ ದೌಲತರಾಯರೊಬ್ಬರೇ. ಇದು ೧೯೯೬ರ ಮಾತು. ಗುಲಬರ್ಗಾದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳಗಿನ ಮೊದಲ ಬಸ್ಸು ಹಿಡಿದು, ಹೊಸ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ದೌಲತರಾಯರು ತಮ್ಮ ಹಳೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಮುಂದಿನ ವಾರ ನೋಡೋಣಲ್ಲ, ವಾಮನ?" ಎನ್ನುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅವರ ಮುಂದೆ ನುಂಗಿಕೊಂಡಿದ್ದೆ.

ಊರಿನವರ ಬಾಯಲ್ಲಿ ಅವರು ನಕಾಶಿ ದೌಲತರಾಯರು. ಎಪ್ಪತ್ತರ ದಶಕದ ಆರಂಭದಲ್ಲಿ ಜೇವರ್ಗಿಯಲ್ಲಿ, ಆಮೇಲೆ ಅಫಜಲಪುರದಲ್ಲಿ ಓವರ್‌ಸಿಯರರ ಕೈಕೆಳಗೆ ನಕ್ಷೆ ತೆಗೆಯುವ ಕೆಲಸದಲ್ಲಿದ್ದರು. ಯಾರೋ ಸಾಹೇಬರು ತಮ್ಮ ತಪ್ಪು ಅಳತೆಯನ್ನು ಇವರ ತಲೆಗೆ ಕಟ್ಟಿದಾಗ, ಸ್ಕೇಲನ್ನು ಮೇಜಿನ ಮೇಲಿಟ್ಟು ಎದ್ದು ಬಂದವರು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಆಳಂದದ ಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು, ಮುಂದಿನ ಪಡಸಾಲೆಯಲ್ಲಿ ನಕ್ಷೆ ಬರೆಯುವ ಸ್ವಂತ ಹಲಗೆ ಹಾಕಿದರು. ಗೊಬ್ಬೂರ, ನಿಂಬರ್ಗಾ, ಭೂಸನೂರ, ಎಲ್ಲಿ ಯಾರು ಮನೆ ಕಟ್ಟಿಸಿದರೂ ನಕ್ಷೆ ಇವರದೇ. ತಪ್ಪಿದ ಗೆರೆಯನ್ನು ಹಳೆಯ ಬ್ಲೇಡಿನಿಂದ ಕೆರೆದು, ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಅಲ್ಲೊಂದು ತಪ್ಪಾಗಿತ್ತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

೧೯೯೦ರಲ್ಲಿ ಅವರಿಗೆ ಕಂಪ್ಯೂಟರ್ ಮಾರಿದವನು ನಾನೇ. ೩೮೬ ಎಂದು ಕರೆಯುತ್ತಿದ್ದ ಪ್ರೊಸೆಸರು. ಮನೆಯ ನಕ್ಷೆ ಬರೆಯುವ ಸಾಫ್ಟ್‌ವೇರಿಗೆ ಅದೊಂದೇ ಸಾಲದು, ಗೆರೆಗಳ ಲೆಕ್ಕ ಹಾಕಲು ಪಕ್ಕದಲ್ಲಿ ಇನ್ನೊಂದು ಚಿಪ್ ಬೇಕು. ಅದು ಆಗ ನನಗೆ ಸಿಗಲಿಲ್ಲ. ಚಿಪ್ ಇದೆ ಎಂದು ಸಾಫ್ಟ್‌ವೇರನ್ನು ನಂಬಿಸುವ ಸಣ್ಣದೊಂದು ಪ್ರೋಗ್ರಾಂ ಹಾಕಿಕೊಟ್ಟೆ. ಕೆಲಸವೇನೋ ನಡೆಯಿತು, ಆದರೆ ಎತ್ತಿನ ಬಂಡಿಯ ವೇಗದಲ್ಲಿ. ಒಂದು ಮನೆಯ ನಕ್ಷೆ ತೆರೆದರೆ ಅದು ಪರದೆಯ ಮೇಲೆ ಪೂರ್ತಿ ಮೂಡಲು ನಾಲ್ಕು ನಿಮಿಷ. ಕಪ್ಪು ಪರದೆಯ ಮೇಲೆ ಒಂದೊಂದೇ ಬಿಳಿ ಗೆರೆ ಏಳುತ್ತಿತ್ತು.

ಅದರ ಮುಂದೆ ಕೂರುತ್ತಿದ್ದವಳು ಅವರ ಒಬ್ಬಳೇ ಮಗಳು ಶಿವಕಾಂತಾ. ಗುಲಬರ್ಗಾದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದಳು. ಚುರುಕು ಹುಡುಗಿ, ನನ್ನ ತಪ್ಪನ್ನು ನನ್ನ ಮುಖದ ಮೇಲೆಯೇ ಹೇಳುತ್ತಿದ್ದಳು. ತಂದೆಗೂ ಅವಳಿಗೂ ದಿನಾ ಒಂದೇ ಜಗಳ. ದೌಲತರಾಯರ ಮನೆಗಳಲ್ಲಿ ಮೊದಲು ಹೊರಗೋಡೆ, ಆಮೇಲೆ ಒಳಗೋಡೆ, ಬಾಗಿಲು ಕಿಟಕಿ ಕೊನೆಗೆ. ಅವಳು ಹೊಸ್ತಿಲಿನಿಂದ ಶುರು ಮಾಡುತ್ತಿದ್ದಳು. ಖಾಲಿ ಪರದೆಯ ನಡುವೆ ಒಂದು ಹೊಸ್ತಿಲು ಒಂಟಿಯಾಗಿ ನಿಂತಿರುತ್ತಿತ್ತು.

"ಗ್ವಾಡಿ ಎಲ್ಲದ ಬೇ?" ಎಂದು ತಂದೆ ಕೇಳುವರು.

"ಒಳಗ ಹೋಗಲಾರದ ಗ್ವಾಡಿ ಎಲ್ಲಿ ಬೇಕಂತ ಹ್ಯಾಂಗ ಗೊತ್ತಾಗ್ತದಪ್ಪಾ?" ಎಂದು ಅವಳು ತಿರುಗಿ ನೋಡದೆಯೇ ಹೇಳುವಳು.

೧೯೯೩ರ ಶ್ರಾವಣದಲ್ಲಿ ಅವಳಿಗೆ ಜ್ವರ ಬಂದು ತಲೆಗೇರಿತು. ಮೂರೇ ದಿನ. ಇಪ್ಪತ್ತೆರಡು ವರ್ಷದವಳು. ನಾನು ಮಣ್ಣಿಗೆ ಹೋಗಿ ಬಂದೆ, ಆಮೇಲೆ ಬಹಳ ದಿನ ಆ ಓಣಿಯ ಕಡೆ ಹೋಗಲು ನನಗೆ ಧೈರ್ಯವಾಗಲಿಲ್ಲ. ದೌಲತರಾಯರು ಐವತ್ತು ದಾಟಿದ ಮೇಲೆ ಮೌಸ್ ಹಿಡಿಯುವುದನ್ನು ಕಲಿತು ತಾವೇ ಆ ಕುರ್ಚಿಯಲ್ಲಿ ಕೂತರು. ಮೂರು ವರ್ಷ ಹೇಗೋ ನಡೆಸಿದರು. ಆಮೇಲೆ ಗುತ್ತೇದಾರ ಹಣಮಂತ್ರಾಯರು ಭೂಸನೂರಿನ ಕಬ್ಬಿನ ರೈತರಿಗೆ ನಲವತ್ತು ಮನೆ ಕಟ್ಟುವ ಕೆಲಸ ಹಿಡಿದರು. ದಸರೆಯೊಳಗೆ ಅಷ್ಟೂ ನಕ್ಷೆ ಕೈಗೆ ಬರಬೇಕು, ಇಲ್ಲವಾದರೆ ಗುಲಬರ್ಗಾದಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದು ಹೇಳಿ ಹೋದರು. ಆ ಹಳೆಯ ೩೮೬ರಲ್ಲಿ ಅದು ಮುಂದಿನ ದಸರೆಗೂ ಮುಗಿಯುವ ಕೆಲಸವಾಗಿರಲಿಲ್ಲ. ಬೋರ್ಡು ಸಮೇತ ಪ್ರೊಸೆಸರ್ ಬದಲಿಸಿ, ಇನ್ನೂ ಚುರುಕಾದ ೪೮೬ ಹಾಕಲೇಬೇಕು ಎಂದು ನಾನು ಹೇಳಿದೆ. ಹೌದೆಂದರು, ಕರೆಸಿದರು, ಬೇಡವೆಂದರು.

ಮೂರನೆಯ ಸಲ ಹೋದಾಗ ಹತ್ತು ಗಂಟೆ ಇರಬಹುದು. ನಾನು ಚಪ್ಪಲಿ ಬಿಡುತ್ತಿರುವಾಗಲೇ ಓಣಿಯ ಕೆಂದು ನಾಯಿಯೊಂದು ಒಳಮನೆಯಿಂದ ಪಡಸಾಲೆಗೆ ಬಂತು. ದೌಲತರಾಯರು ಸ್ಕೇಲು ಎತ್ತಿಕೊಂಡು ಅದನ್ನು ಅಟ್ಟಿದರು.

"ಹಿತ್ತಲ ಬಾಗಲಾ ಮತ್ತ ತೆರದ ಇಟ್ಟೀಯಲ್ಲ," ಎಂದು ಒಳಗೆ ಕೂಗಿದರು. "ದಿನಾ ನಾಯಿ ಬರಾಕತ್ತಾವ. ಎಷ್ಟು ಸಲ ಹೇಳಬೇಕು ನಿನಗ?"

ಕೂಗಿದ್ದು ಹೆಂಡತಿ ಹೀರಾಬಾಯಿ ಕಾಕುಗೆ. ಹಿಂದಿನ ಎರಡು ಸಲವೂ ಇದೇ ನಾಯಿ, ಇದೇ ಕೂಗು ಕೇಳಿದ್ದೆ. ಮಗಳು ಹೋದ ಮೇಲೆ ಕಾಕು ಮಾತು ಕಡಿಮೆ ಮಾಡಿದ್ದಾರೆ ಎಂದುಕೊಂಡಿದ್ದೆ.

ನಾನು ಸ್ಕ್ರೂಡ್ರೈವರ್ ತೆಗೆದ ಕೂಡಲೇ ಅವರ ಅಂಗೈ ಮತ್ತೆ ಪೆಟ್ಟಿಗೆಯ ಮೇಲೆ ಬಂತು. ಈ ಸಲ ನನಗೆ ತಡೆಯಲಾಗಲಿಲ್ಲ.

"ಕಾಕಾ, ನಾ ಏನು ನಿಮಗ ಸೋವಿ ಸಿಕ್ಕೀನೇನ್ರಿ? ಬ್ಯಾಡಂದ್ರ ಬ್ಯಾಡ ಅಂತ ಹೇಳ್ರಿ. ಹಣಮಂತ್ರಾಯರಿಗೂ ಹೇಳಿ ಕಳಸ್ರಿ. ಪ್ರತಿ ಸಲ ನಾನೂ ಅಂಗಡಿ ಮುಚ್ಚಿ ಬರ್ತೇನಿ."

ಅವರು ಸಿಟ್ಟಾಗಲಿಲ್ಲ. ಪಕ್ಕದ ಸ್ಟೂಲು ತೋರಿಸಿ, "ಜರಾ ಕೂಡು. ಇದೊಂದು ನೋಡು," ಎಂದು ಒಂದು ನಕ್ಷೆ ತೆರೆದರು. ನಿಂಬರ್ಗಾದ ಯಾರದೋ ಮನೆ. ಶಿವಕಾಂತಾ ಬರೆದ ಕೊನೆಯದು. ಮನೆ ಯಾವತ್ತೋ ಕಟ್ಟಿಯಾಗಿದೆ, ಅದರಲ್ಲಿ ಮಂದಿ ವಾಸವಾಗಿದ್ದಾರೆ. ಆ ಫೈಲಿನಿಂದ ಯಾರಿಗೂ ಇನ್ನು ಕೆಲಸವಿಲ್ಲ.

ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತಿನ ಮೇಲೆ ನಡುವಿನಲ್ಲಿ ಒಂದು ಸಣ್ಣ ಬಿಳಿ ಗೆರೆ ಎದ್ದಿತು. ಅದರ ಪಕ್ಕ ಇನ್ನೊಂದು. ಹೊಸ್ತಿಲು.

ಆಗ ನನಗೆ ತಿಳಿಯಿತು. ಇಷ್ಟು ವರ್ಷ ಯಂತ್ರ ಮಾರಿದವನಿಗೆ ಗೊತ್ತಿದ್ದ ಸಂಗತಿಯೇ: ಬರೆದವರು ಯಾವ ಸರದಿಯಲ್ಲಿ ಬರೆದರೋ ಅದೇ ಸರದಿಯಲ್ಲಿ ಕಂಪ್ಯೂಟರ್ ಗೆರೆಗಳನ್ನು ಮತ್ತೆ ಎಳೆಯುತ್ತದೆ. ಬೇಗ ಓಡುವ ಪ್ರೊಸೆಸರಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಈ ಕುಂಟು ಯಂತ್ರದಲ್ಲಿ ಒಂದೊಂದೂ ಕಾಣುತ್ತದೆ. ಎದುರಿನ ಕುರ್ಚಿಯಲ್ಲಿ ಶಿವಕಾಂತಾ ಕೂತು ಬರೆಯುತ್ತಿದ್ದ ಹಾಗೇ ಇತ್ತು, ಅವಳ ಕೈ ಮಾತ್ರ ಕಾಣುತ್ತಿರಲಿಲ್ಲ.

"ಹೊಸಾದು ಹಾಕಿದ ಮ್ಯಾಲ ಹಿಂಗ ಬರತದೇನು?" ಎಂದು ಅವರು ಕೇಳಿದರು.

ಸುಳ್ಳು ಹೇಳಬಹುದಿತ್ತು. ಮನಸ್ಸು ಬರಲಿಲ್ಲ. "ಇಲ್ರಿ ಕಾಕಾ. ಇಡೀ ಮನಿ ಒಮ್ಮೆಗೇ ಬಂದ ಬಿಡತದ." ಹಳೆಯದನ್ನೂ ಬೇರೆ ಇಟ್ಟುಕೊಳ್ಳಿ ಎನ್ನುವಂತೆಯೂ ಇರಲಿಲ್ಲ. ಪೆಟ್ಟಿಗೆ, ಪರದೆ, ಡಿಸ್ಕು ಎಲ್ಲ ಇದ್ದದ್ದು ಒಂದೇ ಜೊತೆ. ಹೊರಗೆ ತೆಗೆದ ಮೇಲೆ ಹಳೆಯ ಬೋರ್ಡು ಬರೀ ತಗಡು.

"ದಿನಾ ಒಮ್ಮೆ ನೋಡತೇನಿ. ಕಡೀಕ ಹಿತ್ತಲ ಗ್ವಾಡಿ ಬರತದ. ಬಾಗಲದ ಜಾಗಾ ಬಿಟ್ಟಾಳ, ಕದ ಬರದಿಲ್ಲ. ಅಲ್ಲಿಗೆ ನಿಂತ ಬಿಟ್ಟಾಳ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಜ್ವರ ಇತ್ತು, ವಾಮನ. ತಲಿ ನೋಯಾಕತ್ತದ ಅಂದ್ಳು. ಇದೊಂದು ಹಾಳಿ ಮುಗಿಸಿ ಏಳು ಯವ್ವಾ ಅಂದೆ. ನಾನೇ ಕುಂದ್ರಿಸಿದೆ. ನಿಂಬರ್ಗಾದವರಿಗೆ ಕೊಡೂ ಮುಂದ ಆ ಕದ ನಾನೇ ಶಾಯಿಲೇ ಹಾಳಿ ಮ್ಯಾಲ ತಿದ್ದಿ ಕೊಟ್ಟೆ. ಇದರಾಗ ಮಾತ್ರ ಕೈ ಹಚ್ಚಿಲ್ಲ. ದಿನಾ ಅನಸತದ, ಇವತ್ತು ಬರದಾಳು ಅಂತ."

ನನ್ನ ಬೆನ್ನ ಹಿಂದೆ ಕಪ್ಪು-ಬಸಿಯ ಸದ್ದಾಯಿತು. ಹೀರಾಬಾಯಿ ಕಾಕು ಚಹಾದ ತಟ್ಟೆ ಹಿಡಿದು ನಡುಬಾಗಿಲಲ್ಲಿ ನಿಂತಿದ್ದರು. ಆ ಕಂಪ್ಯೂಟರಿನ ಮುಖ ನೋಡುವುದಿಲ್ಲ ಎಂದು ಮಗಳು ಹೋದ ದಿನದಿಂದ ಹಟ ಹಿಡಿದವರು. ನನ್ನ ಕಪ್ಪನ್ನು ಪಡಸಾಲೆಯ ಆ ತುದಿಯಲ್ಲೇ ಇಟ್ಟು ಹೋಗುತ್ತಿದ್ದರು. ಈಗ ಅವರ ಕಣ್ಣು ಹೊಸ್ತಿಲಿನ ಆ ನಾಲ್ಕು ಗೆರೆಗಳ ಮೇಲಿತ್ತು.

"ಈಗ ಬಚ್ಚಲಾ," ಎಂದರು ಮೆಲ್ಲಗೆ.

ದೌಲತರಾಯರು ತಿರುಗಿ ನೋಡಿದರು. ಪರದೆಯ ಮೂಲೆಯಲ್ಲಿ ಚೌಕವೊಂದು ಏಳತೊಡಗಿತು, ಅದರೊಳಗೆ ಹಂಡೆ ಕೂರಿಸುವ ಗುಂಡಗಿನ ಗುರುತು. ಬಚ್ಚಲು.

"ಆಮ್ಯಾಲ ದೇವರ ಜಗಲಿ."

ಜಗಲಿ ಬಂತು. ನಾನು ಸ್ಟೂಲಿನಿಂದ ಎದ್ದು ನಿಂತೆ.

"ಒಲಿ."

ಅಡಿಗೆ ಮನೆಯ ಕಟ್ಟೆ, ಅದರ ಮೇಲೆ ಎರಡು ಸಣ್ಣ ವೃತ್ತ. ಅವರು ಯಾವತ್ತೂ ನೋಡದ ಮನೆ, ಮೂರು ವರ್ಷದಿಂದ ನೋಡದ ಪರದೆ. ಗೆರೆಗಿಂತ ಮೊದಲು ಅವರ ಮಾತು ಬರುತ್ತಿತ್ತು. ನನಗೆ ಖರೇ ಹೇಳಬೇಕೆಂದರೆ ಅಂಜಿಕೆಯಾಯಿತು, ಹಗಲು ಹತ್ತೂವರೆಗೆ.

ಕೊನೆಗೆ ಹಿತ್ತಲ ಗೋಡೆ ಎರಡು ತುಂಡಾಗಿ ಮೂಡಿತು. ನಡುವೆ ಖಾಲಿ ಜಾಗ. ಪರದೆ ನಿಂತಿತು. ಕದ ಬರಲಿಲ್ಲ.

"ನಿನಗ ಹ್ಯಾಂಗ ಗೊತ್ತು?" ಎಂದು ದೌಲತರಾಯರು ಕೇಳಿದರು.

ಕಾಕು ಚಹಾದ ತಟ್ಟೆಯನ್ನು ನಕ್ಷೆಗಳ ಮೇಲೆಯೇ ಇಟ್ಟರು. "ಇದೇನು ಓದಿ ಕಲಿಯೂದೇನ್ರಿ? ಮುಂಜಾನೆದ್ದು ಹೊಸ್ತಿಲಾ ತೊಳಿಯೂದು. ಹಂಡೆಕ್ಕ ಉರಿ ಹಚ್ಚೂದು. ಮೈ ತೊಳಕೊಂಡು ಜಗಲಿಗೆ ದೀಪಾ. ಆಮ್ಯಾಲ ಒಲಿ. ಒಲಿ ಮ್ಯಾಲ ಚಹಾಕ್ಕ ಇಟ್ಟು ಹಿತ್ತಲಾಗಿನ ಎಮ್ಮಿಗೆ ಮುಸರಿ ನೀರು ಒಯ್ಯೂದು. ಹತ್ತು ವರ್ಷದಾಕಿ ಇದ್ದಾಗ ನಾನೇ ಕಲಿಸೀನಿ. ಯಾರ ಮನಿ ಬರದ್ರೂ ಆಕಿ ಮುಂಜಾನಿ ಕೆಲಸಾ ಮಾಡಿಕೋತನೇ ಬರದಾಳ."

"ಕದ ಬರದಿಲ್ಲಲ್ಲ."

"ಎರಡೂ ಕೈಯಾಗ ಬಕೀಟ ಇರತಿದ್ವು. ಆಕಿ ಎಂದ ಮುಚ್ಯಾಳ ಆ ಬಾಗಲಾ? ಆಕಿ ಹಿಂದ ಹೋಗಿ ಮುಚ್ಚಾಕಿ ನಾನು."

ದೌಲತರಾಯರು ಮುಖ ಎತ್ತದೆ, "ಜ್ವರದಾಗ ನಾನೇ ಕುಂದ್ರಿಸಿದೆ, ಹೀರಾ," ಎಂದರು. ಮೂರು ವರ್ಷದಲ್ಲಿ ಆ ಮಾತನ್ನು ಹೆಂಡತಿಗೆ ಅವರು ಹೇಳಿರಲಿಲ್ಲವೆಂದು ಅವರ ಬಗ್ಗಿದ ಕುತ್ತಿಗೆ ನೋಡಿದರೇ ತಿಳಿಯುತ್ತಿತ್ತು.

"ನಂಗ ಗೊತ್ತದ. ಬಾಜೂಕ ಕುಂತು ಕಾಳು ಹಸನ ಮಾಡಾಕತ್ತಿದ್ದೆ. ನಾನೂ ಏಳು ಅನಲಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ದಿನಾ ನಾಯಿ ಬರಾಕತ್ತಾವ ಅಂತ ಬೈತೀರಿ. ಎಮ್ಮಿ ಮಾರಿ ಮೂರು ವರ್ಷಾತು. ಆದ್ರೂ ಮುಂಜಾನೆ ಆ ಬಾಗಲಾ ತೆರಿತೇನಿ. ಮುಚ್ಚಾಕ ಕೈ ಏಳೂದಿಲ್ರಿ. ಹೊರಗ ಹೋದಾಕಿ ಒಳಗ ಬಂದಿಲ್ಲಲ್ಲ."

ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ, ಆಯಿತೋ ಇಲ್ಲವೋ ಅದೂ ಗೊತ್ತಿಲ್ಲ. ಬಹಳ ಹೊತ್ತಿನ ಮೇಲೆ ದೌಲತರಾಯರು ಬಾಗಿಲಿಗೆ ಬಂದು, "ಡಬ್ಬಿ ಬಿಚ್ಚು, ವಾಮನ," ಎಂದರು.

ಬಿಚ್ಚಿದೆ. ಕರೆಂಟು ನಡುನಡುವೆ ಕೈಕೊಟ್ಟು ಕೆಲಸ ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಮೊದಲು ನಿಂಬರ್ಗಾದ ಮನೆಯನ್ನೇ ತೆರೆ ಎಂದರು. ತೆರೆದೆ. ನನ್ನ ಬೆರಳು ಕೀಲಿಮಣೆಯಿಂದ ಏಳುವುದರೊಳಗೆ ಹೊಸ್ತಿಲು, ಬಚ್ಚಲು, ಜಗಲಿ, ಒಲೆ, ಗೋಡೆ ಎಲ್ಲ ಒಟ್ಟಿಗೆ ಬಂದು ನಿಂತವು. ಯಾರೂ ಬರೆಯದ ಮನೆಯಂತಿತ್ತು. ದೌಲತರಾಯರು ಕಣ್ಣು ಮುಚ್ಚಿ ತೆರೆದರು.

"ಕದ ಹಾಕಿ ಬಿಡ್ಲೇನ್ರಿ ಕಾಕಾ? ನಕಾಶ್ಯಾಗ ಕದ ಅಂದ್ರ ಒಂದು ಗೆರಿ, ಒಂದು ಕಮಾನು, ಅಷ್ಟೇ," ಎಂದೆ. ಸಮಾಧಾನ ಮಾಡುವ ಹಂಬಲದಲ್ಲಿ ಆಡಿದ ಪೆದ್ದು ಮಾತು.

"ಬ್ಯಾಡ. ಹಂಗೇ ಇರ್ಲಿ," ಎಂದರು. ಹಳೆಯ ಬೋರ್ಡನ್ನು ಅವರೇ ನನ್ನ ಟವೆಲ್ಲಿನಲ್ಲಿ ಸುತ್ತಿ, "ಇದು ಒಯ್ಯು," ಎಂದು ಚೀಲಕ್ಕಿಟ್ಟರು.

ಕೊನೆಯ ಬಸ್ಸು ಹೋಗಿತ್ತು. ಪಡಸಾಲೆಯಲ್ಲೇ ನನಗೆ ಹಾಸಿಕೊಟ್ಟರು. ಬೆಳಗಿನ ಜಾವ ಹೊಸ್ತಿಲಿಗೆ ನೀರು ಹಾಕಿದ ಸದ್ದಿಗೆ ಎಚ್ಚರವಾಯಿತು. ಆಮೇಲೆ ಬಚ್ಚಲಲ್ಲಿ ಕಟ್ಟಿಗೆ ಮುರಿದದ್ದು. ಬಹಳ ಹೊತ್ತು ಬಿಟ್ಟು ಜಗಲಿಯ ಹತ್ತಿರ ಕಡ್ಡಿ ಗೀರಿದ್ದು. ಒಲೆಯ ಮೇಲೆ ಪಾತ್ರೆ ಇಟ್ಟದ್ದು. ನಾನು ಮಲಗಿದಲ್ಲೇ ಒಂದೊಂದನ್ನೂ ಎಣಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ದೌಲತರಾಯರ ಮಂಚ ಕಿರುಗುಟ್ಟಿತು, ಅವರೂ ಎಚ್ಚರವಿದ್ದರು. ಹಿತ್ತಲ ಬಾಗಿಲಿನ ಚಿಲಕ ಸರಿದ ಸದ್ದಾಯಿತು. ಇಬ್ಬರೂ ಕಾದೆವು. ಅದು ಮುಚ್ಚಿದ ಸದ್ದು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಕಲ್ಲುಹಾಸಿನ ಮೇಲೆ ನಾಯಿಯ ಉಗುರುಗಳು ಟಕಟಕ ಎನ್ನುತ್ತ ಒಳಗೆ ಬಂದವು. ಇನ್ನೇನು ಕೂಗು ಬೀಳುತ್ತದೆ ಎಂದುಕೊಂಡೆ.

"ಹೀರಾ," ಎಂದರು ದೌಲತರಾಯರು ಕತ್ತಲಲ್ಲೇ, "ಅದಕ್ಕೊಂದು ರೊಟ್ಟಿ ಹಾಕು. ಹೊರಗಿಂದ ಬಂದದ."