ಪಕ್ಕದ ಸಾಲಿನ ಬೀಜ

ಸುಜಾತಾ ಮೇಡಂ ನಂಬಿ ಬಿತ್ತಿದ ಬದನೆಬೀಜ ಅವರ ಗಿಡದ್ದಾಗಿರಲಿಲ್ಲ. ಪಕ್ಕದ ಸಾಲಿನ ಸಾಧಾರಣ ಬದನೆಯ ಬೀಜವನ್ನು ನಾನೇ ಅವರ ಚೀಲಕ್ಕೆ ತುಂಬಿದ್ದೆ. ಗೊತ್ತಿದ್ದೇ ತುಂಬಿದ್ದೆ — ಇದನ್ನು ಮೊದಲೇ ಬರೆದುಬಿಡುತ್ತೇನೆ; ಆಮೇಲೆ ಎಂದರೆ ಕೈ ಬೇರೇನನ್ನೋ ಬರೆದೀತು.

ಆಗ ನಾನು ಹೊನ್ನಾಳಿ ಹತ್ತಿರದ ಬೀಜ ಕಂಪನಿಯೊಂದರ ಸಂಶೋಧನಾ ತೋಟಕ್ಕೆ ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತರಕಾರಿ ತಳಿಗಳ ವಿಭಾಗದಲ್ಲಿ ನನ್ನ ಮೇಲಿನವರು ಸುಜಾತಾ ಮೇಡಂ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುವುದು, ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಿ ಗುರುತಿಗೆ ದಾರ ಕಟ್ಟುವುದು — ನಾನು ಪುಸ್ತಕದಲ್ಲಿ ಓದಿದ್ದ ಈ ಕೆಲಸ ಕೈಗೆ ಹತ್ತಿದ್ದು ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಲಿಸಿದ ಮೇಲೆ.

ಆ ಕಡೆಯ ಬದನೆಗೆ ಸೊರಗು ರೋಗದ ಕಾಟ. ಹಚ್ಚಗಿದ್ದ ಗಿಡ ಒಂದು ಮಧ್ಯಾಹ್ನ ಜೋತುಬಿದ್ದರೆ ಮತ್ತೆ ಏಳುವುದಿಲ್ಲ. ಮಣ್ಣಲ್ಲೇ ಇರುವ ರೋಗ, ಔಷಧಿಗೆ ಬಗ್ಗುವುದಿಲ್ಲ. ಒಮ್ಮೆ ನ್ಯಾಮತಿ ಕಡೆಯ ಗೋವಿನಕೋವಿಯಲ್ಲಿ, ಹೊಲದ ಬದನೆಯೆಲ್ಲ ಸತ್ತು ಬೇಲಿಯ ಕಾಡುಬದನೆ ಮಾತ್ರ ಮುಳ್ಳು ಕೆದರಿಕೊಂಡು ನಿಂತಿದ್ದನ್ನು ಮೇಡಂ ಕಂಡಿದ್ದರು. ಅದರ ತಾಳಿಕೆಯನ್ನು ತಿನ್ನುವ ಬದನೆಗೆ ತರಬೇಕೆಂಬುದು ಅಂದಿನಿಂದ ಅವರ ಹಟ. ಆದರೆ ಎರಡೂ ಸುಲಭಕ್ಕೆ ಕೂಡುವುದಿಲ್ಲ. ಕಾಯಿ ಕಟ್ಟಿದರೆ ಬೀಜ ಜೊಳ್ಳು; ಬೀಜ ಗಟ್ಟಿಯಿದ್ದರೆ ಸಸಿ ಬದುಕುವುದಿಲ್ಲ. ಬದುಕಿದ ಒಂದೆರಡನ್ನು ಪೀಳಿಗೆಯಿಂದ ಪೀಳಿಗೆಗೆ ಊರಬದನೆಗೇ ಕೂಡಿಸುತ್ತ, ವರ್ಷಗಟ್ಟಲೆ ದುಡಿದು, ಕೊನೆಗೆ ಅವರ ಕೈಗೆ ಬಂದದ್ದು ನಾಲ್ಕೇ ಗಿಡ. ರೋಗದ ಮಣ್ಣಿನಲ್ಲೂ ಸೊರಗದೆ ನಿಂತವು. ನೋಡಲು ಮಾತ್ರ, ರೋಗದ ಮಡಿಯಾಚೆ ಒಳ್ಳೆಯ ಮಣ್ಣಿನಲ್ಲಿದ್ದ ಪಕ್ಕದ ಸಾಲಿನ ಊರಬದನೆಯಂತೆಯೇ. ಹಿಂದಿನ ಪೀಳಿಗೆಯ ಬೀಜವೆಲ್ಲ ಬಿತ್ತಿ ಮುಗಿದಿತ್ತು. ಇದ್ದದ್ದು ಅಷ್ಟೇ.

ಕಾಯಿ ಇನ್ನೂ ಎಳೆಯದಾಗಿದ್ದಾಗ ಅವರು ಟೊಮೆಟೊ ಪ್ರಯೋಗ ನೋಡಲು ಜಗಳೂರಿಗೆ ಹೊರಟರು. "ಗಿಡದ ಮೇಲೆ ಒಂದು ಕಣ್ಣಿಟ್ಟಿರು ಮಂಜು. ನೀನಿದ್ದೀಯ ಅಂತ ಹೋಗ್ತಾ ಇದೀನಿ" ಎಂದರು.

ಎಲೆಯ ಹಿಂದೆ ಹುಳು ಕಂಡಿತೆಂದು ನಾನು ಔಷಧಿ ಹೊಡೆದೆ. ಆ ಪಂಪಿನಲ್ಲಿ ಹಿಂದಿನ ದಿನ ಕಳೆನಾಶಕ ಹಾಕಿದ್ದರು. ತೊಳೆದಿದ್ದಾರೋ ಇಲ್ಲವೋ — ನೋಡಬೇಕಿತ್ತು. ನೋಡಲಿಲ್ಲ. ಮುಖ್ಯವಾದವು ಎಂದು ಆ ನಾಲ್ಕಕ್ಕೇ ಮೊದಲು ಹೊಡೆದಿದ್ದೆ. ಅಷ್ಟರಲ್ಲಿ ಯಾರೋ ಕರೆದರು, ಉಳಿದ ಸಾಲು ಹಾಗೇ ಬಿಟ್ಟೆ. ಮೂರನೆಯ ದಿನಕ್ಕೆ ಎಲೆ ಮುರುಟಿ, ತುದಿ ಬೆಳ್ಳಗಾಗಿ, ಕಾಯಿ ಸುಕ್ಕುಗಟ್ಟಿತು. ಒಂದನ್ನು ಸೀಳಿ ನೋಡಿದೆ. ಒಳಗೆ ನೀರಿನಂಥ ಎಳೆಬೀಜ.

ಇಲ್ಲಿಯವರೆಗಿನದು ಅಜಾಗರೂಕತೆ. ಮುಂದಿನದು ಅಲ್ಲ.

ಗಿಡ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಪಕ್ಕದ ಸಾಲಿನಲ್ಲಿ ಮೊದಲೇ ಬಲಿತು ಹಳದಿಯಾಗಿದ್ದ ಕಾಯಿ ಕೊಯ್ದು, ನೀರಿನಲ್ಲಿ ಹಿಸುಕಿ, ಬೀಜವನ್ನು ನೆರಳಲ್ಲಿ ಒಣಗಿಸಿದೆ. ಮೇಡಂ ಬರುವುದು ತಡವಾಯಿತು. ಅದೂ ನನಗೆ ಅನುಕೂಲವಾಯಿತು. "ಗಿಡಕ್ಕೆ ಕಾಂಡಕೊರಕ ಬಿತ್ತು ಮೇಡಂ. ಅಷ್ಟರಲ್ಲಿ ಕಾಯಿ ಹಣ್ಣಾಗಿದ್ವು, ಬೀಜ ತೆಗೆದೆ" ಎಂದೆ. ಅವರು ಬೀಜವನ್ನು ಅಂಗೈಗೆ ಸುರಿದುಕೊಂಡು ನಕ್ಕರು. ಆ ನಗುವನ್ನು ನಾನು — ಬೇಡ.

ಮುಂದಿನ ಹಂಗಾಮಿನಲ್ಲಿ ಆ ಬೀಜದ ಸಸಿಗಳನ್ನು ರೋಗದ ಮಡಿಯಲ್ಲಿ ನೆಟ್ಟರು. ಮುಖ್ಯಸ್ಥರು ನೋಡಲು ಬಂದ ದಿನ ಬಿಸಿಲೇರುತ್ತಿದ್ದಂತೆ ಒಂದೊಂದೇ ಗಿಡ ತಲೆ ಬಾಗಿಸತೊಡಗಿತು. ಮೇಡಂ ಗಿಡದಿಂದ ಗಿಡಕ್ಕೆ ಹೋಗಿ ಕಾಂಡ ಮುಟ್ಟಿ ನೋಡುತ್ತಿದ್ದರು. ಶೆಡ್ಡಿಗೆ ವಾಪಸಾದಾಗ ಎಲ್ಲರೂ ಇದ್ದರು. ಅವರು ನೇರ ನನ್ನ ಮುಂದೆ ಬಂದು ನಿಂತರು.

"ಮಂಜು, ಬೀಜ ಆ ಗಿಡದ್ದೇ ತಾನೆ?"

"ಹೌದು ಮೇಡಂ. ಆ ಗಿಡದ್ದೇ."

ಇಷ್ಟೇ. ಇನ್ನೊಂದು ಸಲ ಕೇಳಿದ್ದರೆ — ಆದರೆ ಅವರು ಕೇಳಲಿಲ್ಲ. ನನ್ನನ್ನು ನಂಬಿ, ತಮ್ಮ ಮೇಲಿನ ನಂಬಿಕೆ ಬಿಟ್ಟರು. "ಇಲ್ಲದ್ದನ್ನ ಕಂಡಿದೀರಿ ಮೇಡಂ" ಎಂದರು ಮುಖ್ಯಸ್ಥರು. ಮೇಡಂ ತಪ್ಪಿದ್ದಾರೆಂದು ನಂಬಲು ಆ ಶೆಡ್ಡಿನಲ್ಲಿ ಕೆಲವರು ಮೊದಲೇ ತಯಾರಿದ್ದರು. ಮೇಡಂ ಯಾವ ಕೇರಿಯಿಂದ ಓದಿ ಬಂದವರೆಂದು ಎಲ್ಲರಿಗೂ ಗೊತ್ತಿತ್ತು. ಅವರ ಮೇಜಿನ ಮೇಲಿನ ಪುಟ್ಟ ಬುದ್ಧನನ್ನು ನೋಡಿ ಹಿಂದಿನಿಂದ ಆಡಿಕೊಳ್ಳುತ್ತಿದ್ದವರೂ ಇದ್ದರು. ಆ ಮಾತು ನಾನು ಆಡಿದ್ದಲ್ಲ. ಆದರೆ ಅದರ ನೆರಳಲ್ಲಿ ಬಚ್ಚಿಟ್ಟುಕೊಂಡವನು ನಾನು.

ಬದನೆಯ ಕೆಲಸ ನಿಂತಿತು. ಮೇಡಂ ರಾಜೀನಾಮೆ ಕೊಟ್ಟು ಚನ್ನಗಿರಿಯ ಕಾಲೇಜೊಂದಕ್ಕೆ ಪಾಠ ಮಾಡಲು ಹೋದರು. ನಾನು ಕಾಯಂ ಆದೆ. ಕಾಲಕ್ರಮದಲ್ಲಿ ಅವರ ಕುರ್ಚಿಯೂ ನನ್ನದಾಯಿತು.

ಕಳೆದ ತಿಂಗಳು ಅದೇ ಕಾಲೇಜಿನಿಂದ ಆಹ್ವಾನ ಬಂತು — ಬೀಜೋದ್ಯಮದ ಕೆಲಸಗಳ ಬಗ್ಗೆ ಮಕ್ಕಳಿಗೆ ಹೇಳಬೇಕಂತೆ. ಕರೆಸಿದ್ದು ಮೇಡಂ ಅವರೇ. ಕೂದಲು ನರೆತಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ತಾವೇ ಮಕ್ಕಳಿಗೆ ಹೇಳಿದರು: "ನಾನೂ ಒಂದು ಕಾಲಕ್ಕೆ ತಳಿ ಮಾಡಾಕೆ ಹೊರಟಿದ್ದೆ. ಕಾಡುಬದನೆ ಶಕ್ತಿ ಬಂದೈತೆ ಅಂದ್ಕೊಂಡಿದ್ದೆ. ಬಂದಿರ್ಲಿಲ್ಲ. ನಮಗೆ ಬೇಕಾದ್ದನ್ನೇ ನಾವು ಕಂಡ್ರೆ ಹೆಂಗೆ ಮೋಸ ಹೋಗ್ತೀವಿ ಅನ್ನಾಕೆ ನಾನೇ ಉದಾಹರಣೆ. ಮಂಜು ಅವ್ರೂ ಆಗ ಇದ್ರು, ಕೇಳ್ರಿ ಬೇಕಾದ್ರೆ."

ವರ್ಷ ವರ್ಷವೂ ಇದನ್ನೇ ಪಾಠ ಮಾಡುತ್ತಿದ್ದರೇನೋ. ಮಕ್ಕಳು ನನ್ನತ್ತ ನೋಡಿದರು. ನಾನೆದ್ದು ಏನೇನೋ ಮಾತಾಡಿದೆ, ಒಂದು ಪದವೂ ನೆನಪಿಲ್ಲ. ಚಹಾಕ್ಕೆಂದು ಅವರು ನನ್ನನ್ನು ಹೊರಗೆ ಕರೆದಾಗ, ವರಾಂಡದಲ್ಲಿ, ಹೇಳಿಬಿಟ್ಟೆ.

ಬೈಯುತ್ತಾರೆಂದುಕೊಂಡಿದ್ದೆ. ಅವರು ಪ್ರಶ್ನೆ ಕೇಳಿದರು. ಪಂಪಿನಾಗೆ ಏನಿತ್ತು? ಗಿಡ ಎಲ್ಲಿ ಹಾಕ್ದೆ?

"ಬೇರು ಜೀವ ಇತ್ತಾ?"

"ನೋಡಲಿಲ್ಲ ಮೇಡಂ."

"ಒಂದು ರೆಂಬೆ ಉಳಿದಿದ್ರೂ ಕಸಿ ಕಟ್ಟಿ ಬದುಕಿಸ್ತಿದ್ದೆ ಕಣೋ. ಒಂದು ಫೋನ್ ಮಾಡಿದ್ರೆ ರಾತ್ರಿ ಬಸ್ಸಿಗೇ ಬರ್ತಿದ್ದೆ." ಅವರ ಕೈ ಕಂಬ ಹಿಡಿದಿತ್ತು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು: "ಇಷ್ಟು ವರ್ಷ ನಾನು ನನ್ನ ಕಣ್ಣನ್ನೇ ನಂಬಿಲ್ಲ."

ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

"ನನ್ನ ಹತ್ರ ಏನೂ ಕೇಳಬೇಡ. ಒಳಗೆ ಹುಡುಗ್ರು ಇನ್ನೂ ಕೂತಾರೆ. ಹೋಗಿ ಅವರಿಗೆ ಹೇಳು."

ಹೋದೆ. ಹೇಳಿದೆ — ಪಂಪು, ಗುಂಡಿ, ಪಕ್ಕದ ಸಾಲು, ಶೆಡ್ಡಿನಲ್ಲಿ ಆಡಿದ ಮಾತು, ಎಲ್ಲ. ಮೇಡಂ ಒಳಗೆ ಬರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಹಂಗಾದ್ರೆ ಮೇಡಂ ಕಂಡಿದ್ದು ನಿಜಾನೇ ಏನ್ ಸಾರ್? ಆ ಬದನೆ ಸೊರಗ್ತಿರ್ಲಿಲ್ವಾ?"

"ಗೊತ್ತಿಲ್ಲಮ್ಮ. ಗೊತ್ತಾಗದ ಹಾಗೆ ಮಾಡಿದ್ದು ನಾನು."

ಅವಳು ಕೂರಲಿಲ್ಲ, ನೋಡುತ್ತಲೇ ನಿಂತಳು. ನಾನು ಹೊರಗೆ ಬಂದೆ. ವರಾಂಡದ ಮೇಜಿನ ಮೇಲೆ ಎರಡು ಲೋಟ ಚಹಾ ಹಾಗೇ ಆರಿತ್ತು. ಮೇಡಂ ಆಗಲೇ ಇನ್ನೊಂದು ತರಗತಿಗೆ ಹೋಗಿದ್ದರು. ಪಾಠ ಮಾಡುವ ದನಿ ವರಾಂಡಕ್ಕೆ ಕೇಳುತ್ತಿತ್ತು. ಒಂದು ವಾಕ್ಯದ ನಡುವೆ ದನಿ ನಿಂತಿತು. ಆ ಬಾಗಿಲ ಮುಂದೆ ಹಾದುಹೋಗಲು ನನ್ನಿಂದಾಗಲಿಲ್ಲ. ಹಿಂದಿನ ಮೆಟ್ಟಿಲಿನಿಂದ ಇಳಿದೆ.